ಮಂಗಳವಾರದ ಹಾಳೆ

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಬಸರಿ ಮರದ ಮೇಲಿನ ಕವಲಿನಲ್ಲಿ ಕೂತಿದ್ದ ಗಂಡು ಮುಸುವವನ್ನು ನಾಗಮಣಿ ಹಿಂದೆಂದೂ ಕಂಡಿರಲಿಲ್ಲ. ಎಂಟು ತಿಂಗಳಿಂದ ಆ ಕವಲಿನಲ್ಲಿ ಕೂರುತ್ತಿದ್ದದ್ದು ಹಿಂಡಿನ ಒಂದೇ ಗಂಡು, ಯಜಮಾನ. ಅದರ ಎದೆ ಅಗಲ, ಎಡಗೈಯ ಕಿರುಬೆರಳು ಮೊಂಡು. ಇದರ ಬೆರಳುಗಳೆಲ್ಲ ನೆಟ್ಟಗಿದ್ದವು. ಮೂಗಿನಿಂದ ಕೆನ್ನೆಯವರೆಗೆ ಹಸಿ ಗಾಯ ಸೀಳಿಕೊಂಡಿತ್ತು. ಅದು ಹಲ್ಲು ಕಡಿದ ಸದ್ದು ಕೆಳಗಿನ ಬಂಡೆಯವರೆಗೂ ಕೇಳಿಸಿತು.

ನಾಗಮಣಿ ಬೈನಾಕುಲರನ್ನು ಕಣ್ಣಿಗೆ ಒತ್ತಿ ಹಿಡಿದು ಮರಗಳನ್ನೆಲ್ಲ ಹುಡುಕಿದಳು. ಯಜಮಾನ ಎಲ್ಲೂ ಇರಲಿಲ್ಲ. ಹೆಣ್ಣುಗಳು ಚದುರಿ ದೂರದೂರ ಕೂತಿದ್ದವು. ಒಂದರ ಹೇನು ಇನ್ನೊಂದು ನೋಡುತ್ತಿರಲಿಲ್ಲ, ಎಲೆಗೆ ಕೈ ಹಾಕಿದ್ದೂ ಕಡಿಮೆ. ಅಂಚಿನ ತಾರೆ ಮರದಲ್ಲಿ ಕಿವಿಹರಕಿ ಎಂಬ ಹೆಣ್ಣು ತನ್ನ ಮರಿಯನ್ನು ಎದೆಗೆ ಅವುಚಿಕೊಂಡಿತ್ತು. ಮರಿಯ ತಲೆ ಹಿಂದಕ್ಕೆ ಜೋತಿತ್ತು. ಕಿವಿಹರಕಿ ಅದನ್ನು ಎತ್ತಿ ಸರಿಮಾಡಿತು, ಅದು ಮತ್ತೆ ಜೋತಿತು. ಸುತ್ತ ನೊಣಗಳಿದ್ದವು.

ಕೈಗಡಿಯಾರ ಪೀಂ ಎಂದಿತು. ಎಂಟು ಹತ್ತು. ಬರೆಯಬೇಕಿತ್ತು. ನಾಗಮಣಿಯ ಕೈ ಪುಸ್ತಕದ ಮೇಲಿತ್ತು, ಆದರೆ ಅವಳ ಕಣ್ಣು ಹೋದದ್ದು ಹಿಂದಿನ ದಿನದ ಹಾಳೆಗೆ. ಅಲ್ಲಿ ಮಧ್ಯಾಹ್ನ ಎರಡು ಇಪ್ಪತ್ತರ ಸಾಲಿನಲ್ಲಿ ಅವಳದೇ ದುಂಡು ಅಕ್ಷರ: ‘ಕಿವಿಹರಕಿ ಕೂತಿದೆ. ಮರಿ ಹಾಲು ಕುಡಿಯುತ್ತಿದೆ.’

ಆ ಸಾಲು ಸುಳ್ಳು. ಆ ಹಾಳೆಯಲ್ಲಿದ್ದ ಐವತ್ತೈದು ಸಾಲುಗಳಲ್ಲಿ ಮೊದಲ ಹನ್ನೊಂದನ್ನು ಬಿಟ್ಟರೆ ಉಳಿದ ನಲವತ್ತನಾಲ್ಕೂ ಸುಳ್ಳು.

ನಾಗಮಣಿ ಮದುವೆಯಾಗಿ ಸತ್ಯಮಂಗಲ ಘಟ್ಟದ ಮೇಲಿನ ದಿಂಬಂ ಹತ್ತಿರದ ಕಾಲೋನಿಗೆ ಬಂದವಳು. ತವರು ದೊಡ್ಡಗಾಜನೂರು. ಅಲ್ಲಿನ ಮಲ್ಲಪ್ಪನವರ ಹೊಲದಲ್ಲಿ ಅವಳ ಅವ್ವ ಕಳೆ ಕೀಳುತ್ತಿದ್ದಳು, ಇವಳೂ ಏಳನೇ ತರಗತಿ ಮುಗಿಸಿ ಅದೇ ಸಾಲಿಗೆ ಸೇರಿದಳು. ಮಲ್ಲಪ್ಪನವರ ಮಗಳು ಲೋಕೇಶ್ವರಿ ಓದಿದಳು, ಕೊಯಮತ್ತೂರಿಗೆ ಹೋಗಿ ಇನ್ನೂ ಓದಿದಳು. ಕಾಡುಗಳ್ಳನ ಬೇಟೆ ಮುಗಿದು ಕಾಡಿನ ಪೊಲೀಸ್ ಕಾವಲು ಸಡಿಲವಾಗಿ, ಜನ ಮತ್ತೆ ಧೈರ್ಯವಾಗಿ ಮರಗಳ ಕೆಳಗೆ ಓಡಾಡತೊಡಗಿದ ಆ ವರ್ಷಗಳಲ್ಲಿ ಅವಳು ಮುಸುವಗಳ ನಡವಳಿಕೆ ಓದುತ್ತೇನೆಂದು ದಿಂಬಂಗೆ ಬಂದು ಒಂದು ಕೋಣೆ ಹಿಡಿದಳು. ಜೊತೆಗೊಬ್ಬರು ಬೇಕಿತ್ತು. ಓದು ಬರಹ ಬಲ್ಲ, ಕಾಡಿಗೆ ಹೆದರದ ನಾಗಮಣಿ ಸಿಕ್ಕಳು.

ಕೆಲಸ ಹೇಳಿಕೊಟ್ಟ ಮೊದಲ ದಿನ ನಾಗಮಣಿಗೆ ನಗು ಬಂದಿತ್ತು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ಕೂಗಿದಾಗ, ಕಾಣುವ ಒಂದೊಂದು ಮುಸುವ ಆ ಗಳಿಗೆಯಲ್ಲಿ ಏನು ಮಾಡುತ್ತಿದೆ ಎಂದು ಬರೆಯಬೇಕು. ತಿನ್ನುತ್ತಿದೆಯೋ, ಕೂತಿದೆಯೋ, ನಡೆಯುತ್ತಿದೆಯೋ, ಹೇನು ನೋಡುತ್ತಿದೆಯೋ, ಸುತ್ತಮುತ್ತ ಕಾಯುತ್ತಿದೆಯೋ. ರಸ್ತೆಯಿಂದ ಕೂಗಳತೆ ಮೀರಿ ಒಳಗೆ ಹೋಗಬಾರದು, ಆನೆ ಇರುತ್ತವೆ.

ಒಂದು ದಿನ ಅವಳು ‘ಯಜಮಾನನಿಗೆ ಕೋಪ ಬಂದಿದೆ’ ಎಂದು ಬರೆದಿದ್ದಳು. ಲೋಕೇಶ್ವರಿ ಅದನ್ನು ಹೊಡೆದುಹಾಕಿದಳು.

“ಕೋಪ ನಿಂಗೆ ಕಂಡ್ತಾ ನಾಗಮಣಕ್ಕ? ಕಂಡದ್ದು ಯಾನ?”

“ಅಲ್ಲು ಕಿರ್ದು ರೆಂಬೆ ಅಲ್ಲಾಡುಸ್ತು ಅಮ್ಮಣ್ಣಿ.”

“ಅಷ್ಟನ್ನೇ ಬರಿ. ನಾವು ಕಂಡದ್ದು ಒಂದು, ಅಂದ್ಕೊಂಡದ್ದು ಇನ್ನೊಂದು. ಎರಡೂ ಒಂದೇ ಪುಸ್ತಕದಲ್ಲಿ ಬೆರೆತೋದ್ರೆ ಕೆಲಸ ಕೆಟ್ಟೋಯ್ತು.”

ನಾಗಮಣಿ ಬೇಗ ಕಲಿತಳು. ಲೋಕೇಶ್ವರಿ ಹೆಣ್ಣುಗಳಿಗೆ ನಂಬರು ಕೊಟ್ಟಿದ್ದಳು, ನಾಗಮಣಿ ಹೆಸರಿಟ್ಟಳು. ಒಂದು ತಿಂಗಳಲ್ಲಿ ಲೋಕೇಶ್ವರಿಯ ಬಾಯಲ್ಲೂ ಆ ಹೆಸರುಗಳೇ ನಿಂತವು. ಹನ್ನೊಂದು ಹೆಣ್ಣು, ನಾಲ್ಕು ಮರಿ, ಒಂದು ಗಂಡು. ಮೇಲಿಂದ ಮುಸುವ ಉದುರಿಸಿದ ಚಿಗುರಿಗೆ ಕೆಳಗೆ ಜಿಂಕೆ ಬಂದು ಸೇರುತ್ತವೆಂಬುದು, ಮುಸುವ ಒಂದು ಬಗೆಯಲ್ಲಿ ಕೆಮ್ಮಿದರೆ ಚಿರತೆಯೆಂದು ಜಿಂಕೆಗೂ ತಿಳಿಯುತ್ತದೆಂಬುದು ಅವಳಿಗೆ ಮುಂಚೆಯೇ ಗೊತ್ತಿತ್ತು. ಆದರೆ ಅದು ಬರೆದಿಡುವಂಥ ಸಂಗತಿಯೆಂದು ಗೊತ್ತಿರಲಿಲ್ಲ.

ಲೋಕೇಶ್ವರಿ ತಿಂಗಳಿಗೆ ಎಂಟೊಂಬತ್ತು ದಿನ ಕೊಯಮತ್ತೂರಿಗೆ ಹೋಗುತ್ತಿದ್ದಳು. ಆಗೆಲ್ಲ ನಾಗಮಣಿ ಒಬ್ಬಳೇ. ಹೊಲದ ಕೆಲಸದಲ್ಲಿ ಕೈ ಆಡುತ್ತದೆ, ಬಾಯಿ ಆಡುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ. ಬಂಡೆಯ ಮೇಲೆ ಕಣ್ಣೊಂದೇ ಕೆಲಸ ಮಾಡಬೇಕು. ಕಾಲು ಜೋಮು ಹಿಡಿಯುತ್ತಿತ್ತು. ಎದ್ದು ನಿಂತರೆ ಮುಸುವಗಳು ಬೆದರುತ್ತವೆಂದು ಮತ್ತೆ ಕೂರುತ್ತಿದ್ದಳು. ಆ ಮಾರ್ಚಿ ತಿಂಗಳಲ್ಲಿ ಎಲೆ ಉದುರಿ, ಬಿಸಿಲು ನೆತ್ತಿಗೇ ಇಳಿಯುತ್ತಿದ್ದಾಗ, ಅವಳಿಗೆ ಒಳಗೆ ಏನೋ ಕಿತ್ತುಕೊಂಡು ಓಡುವಂತಾಗುತ್ತಿತ್ತು.

ಮಂಗಳವಾರ ಒಂಬತ್ತು ನಲವತ್ತರ ಸಾಲು ಬರೆದಾಗ ಸತ್ಯಮಂಗಲದ ಬಸ್ಸು ತಿರುವಿನಲ್ಲಿ ನಿಧಾನವಾಯಿತು. ನಾಗಮಣಿ ಎದ್ದಳು. ಪುಸ್ತಕ ಚೀಲಕ್ಕೆ ಹಾಕಿದಳು, ರಸ್ತೆಗಿಳಿದು ಕೈ ಅಡ್ಡ ಹಿಡಿದಳು, ಹತ್ತಿದಳು. ಯಾರಿಗೂ ಹುಷಾರಿಲ್ಲದೆ ಇರಲಿಲ್ಲ, ಯಾರೂ ಕರೆದಿರಲಿಲ್ಲ. ಇಪ್ಪತ್ತೇಳು ತಿರುವು ಇಳಿಯುವಾಗ ಕಿಟಕಿಯ ಗಾಳಿ ಮುಖಕ್ಕೆ ಬಡಿದು ಎದೆ ಹಗುರಾಯಿತು. ಸತ್ತಿಯೆಂದೇ ಎಲ್ಲರೂ ಕರೆಯುವ ಸತ್ಯಮಂಗಲದ ಪೇಟೆಯಲ್ಲಿ ಸುಮ್ಮನೆ ಅಡ್ಡಾಡಿದಳು. ಒಂದು ಡಜನ್ ಹಸಿರು ಬಳೆ ತೊಟ್ಟಳು, ಪರೋಟ ತಿಂದಳು, ಜನರ ಸದ್ದು ಕೇಳುತ್ತ ಬಸ್‌ಸ್ಟಾಂಡಿನಲ್ಲಿ ಒಂದು ಗಂಟೆ ಕೂತಳು. ಸಂಜೆ ಮನೆಗೆ ಬಂದು ಒಲೆಯ ಮುಂದೆ ಪುಸ್ತಕ ಬಿಡಿಸಿದಳು. ಬರೆಯುವುದು ಕಷ್ಟವಾಗಲಿಲ್ಲ. ಹನ್ನೆರಡಕ್ಕೆ ಅವು ಮಲಗುತ್ತವೆ, ಮೂರಕ್ಕೆ ಅತ್ತಿ ಮರಕ್ಕೆ ಸಾಗುತ್ತವೆ. ಯಾವುದು ಯಾವುದರ ಪಕ್ಕ ಕೂರುತ್ತದೆಂಬುದು ಕಣ್ಣು ಮುಚ್ಚಿದರೂ ಗೊತ್ತು. ಅಷ್ಟು ಚೆನ್ನಾಗಿ ಗೊತ್ತಿದ್ದದ್ದರಿಂದಲೇ ಅಷ್ಟು ಸಲೀಸಾಗಿ ಬರೆದಳು.

ಬುಧವಾರ ಮಧ್ಯಾಹ್ನ ಅವಳು ರಸ್ತೆಯ ತಿರುವಿಗೆ ಹೋದಳು. ಅಲ್ಲಿ ಮುದುಕ ಚಿಕ್ಕಸಿದ್ದ ದಿನವೂ ಹತ್ತರ ಮೇಲೆ ಬಂದು ಗೋಣಿತಾಟು ಹಾಸಿಕೊಂಡು ದಾರಿಹೋಕರಿಗೆ ನೆಲ್ಲಿಕಾಯಿ, ಸೌತೆಕಾಯಿ ಮಾರುತ್ತಿದ್ದ. ಅವಳನ್ನು ಕಂಡದ್ದೇ ಎದ್ದು ನಿಂತ.

“ಎಲ್ಲೋಗಿದ್ದವ್ವ ನೆನ್ನೆ? ನಾ ಕೂಗ್ದೆ ಕೂಗ್ದೆ, ಗಂಟ್ಲೇ ಬಿದ್ದೋಯ್ತು. ನೀ ಬಂಡೆ ಮೇಗಡೆ ಕುಂತಿದ್ದೀಯ ಅಂತ್ಲೇ ಕೂಗ್ದದ್ದು.”

ನಾಗಮಣಿ ಇನ್ನೂ ಹತ್ತಿರ ಹೋದಳು. “ಯಾನಾಯ್ತು ಸಿದ್ದಣ್ಣ? ಎಲ್ಲಾನೂ ಏಳು.”

“ಊಟದೊತ್ತು. ಕೆಳಗ್ಲಿಂದ ಆರೇಳು ಗಂಡು ಮುಸ್ವ ಬಂದ್ವು. ಅದೇನ್ ಅರ್ಚಾಟ ಅಂತೀಯ! ರೆಂಬೆ ಮುರ್ಕೊಂಡು ಬೀಳವು. ನಿನ್ ಯಜಮಾನ ಒಬ್ಬನೇ ಅಷ್ಟಕ್ಕೂ ನಿಂತ್ಕತು. ಒಂದು ಗಂಟೆ ಒಡದಾಡ್ತು ಕಣವ್ವ. ಕೊನೇಗ ತೊಡೆ ಹರ್ಕಂಡು ಈ ರಸ್ತೆ ದಾಟಿ ಅತ್ಲಾಗೋಯ್ತು, ದಾರಿ ಉದ್ದಕ್ಕೂ ರಕ್ತ. ಗೆದ್ದ ಮೂತಿಗಾಯದ್ದು ಉಳಿದ ಗಂಡುಗಳ್ನೂ ಅಟ್ಟಿಬುಡ್ತು. ಆಮ್ಯಾಕೆ ಮರೀಗ ಬಾಯಾಕ್ತು. ತಾಯಿ ಬುಡಲಿಲ್ಲ, ಇನ್ನೆರಡು ಹೆಣ್ಣು ಅಡ್ಡ ಬಂದ್ವು. ನಾ ಕಲ್ಲು ಬೀರ್ದೆ. ಆಗಲಿಲ್ಲ.”

“ಮರೀಗ ಬಾಯಾಕ್ದಾಗ ಎಷ್ಟೊತ್ತಾಗಿತ್ತು?”

“ಎರಡೂಕಾಲು ಬಸ್ಸು ಆಗ್ತಾನೆ ಓಗಿತ್ತು.”

ಅವಳು ಬಂಡೆಗೆ ಹಿಂತಿರುಗಿ ಬಂದಳು. ಚೀಲದಲ್ಲಿ ಖಾಲಿ ಹಾಳೆಗಳಿದ್ದವು. ಸುಳ್ಳು ಹಾಳೆಯನ್ನು ಕಿತ್ತು, ಚಿಕ್ಕಸಿದ್ದ ಹೇಳಿದ್ದನ್ನೇ ತಾನು ಕಂಡಂತೆ ಬರೆದರೆ? ನಡೆದದ್ದು ನಡೆದಂತೆ ಪುಸ್ತಕಕ್ಕೆ ಸೇರುತ್ತದೆ, ಯಾರಿಗೇನು ನಷ್ಟ? ‘12.40, ಕೆಳಗಿನಿಂದ ಗಂಡುಗಳು ಬಂದವು’ ಎಂದು ಬರೆದೂಬಿಟ್ಟಳು. ಮುಂದಕ್ಕೆ ಕೈ ಓಡಲಿಲ್ಲ. ಆರೋ, ಏಳೋ? ಮೊದಲು ಮೇಲೆ ಬಿದ್ದದ್ದು ಯಾವುದು? ಅಡ್ಡ ಬಂದ ಆ ಎರಡು ಹೆಣ್ಣು ಯಾವುವು? ಅವಳಿಗೆ ಗೊತ್ತಿರಲಿಲ್ಲ. ಹಾಳೆಯನ್ನು ಮುದುರಿ ಸೆರಗಿಗೆ ಕಟ್ಟಿಕೊಂಡಳು.

ಸಂಜೆ ಲೋಕೇಶ್ವರಿ ಕೊಯಮತ್ತೂರಿನಿಂದ ಬಂದಿಳಿದಳು. ಹೊಸ ಗಂಡು ಬಂದಿದೆಯೆಂದಷ್ಟೇ ನಾಗಮಣಿಯಿಂದ ಕೇಳಿ, ಚೀಲವನ್ನೂ ಇಳಿಸದೆ ಬಂಡೆಯ ಕಡೆ ಓಡಿದಳು. ಬೆಳಕು ಇರುವಷ್ಟೂ ಹೊತ್ತು ನೋಡಿ, ಆಮೇಲೆ ಪುಸ್ತಕ ತೆರೆದಳು. ಮಂಗಳವಾರದ ಹಾಳೆ ಓದುತ್ತ ಓದುತ್ತ ಅವಳ ಮುಖ ಅರಳಿತು.

“ಅಂದ್ರೆ ನೆನ್ನೆ ಸಂಜೆ ಐದರಗಂಟ ಎಲ್ಲಾ ಸರಿಯಾಗಿತ್ತು! ಇವತ್ತು ಎಂಟಕ್ಕೆ ಹೊಸ ಗಂಡು. ದೊಡ್ಡ ಜಗಳ ಆಗಿದ್ರೆ ಒಂದಿನಾನಾದ್ರೂ ಬೇಕಿತ್ತು. ಇದು ಸದ್ದಿಲ್ದೆ ಆಗಿದೆ ನಾಗಮಣಕ್ಕ. ಹಿಂಗೆ ಆದದ್ದನ್ನ ನಾ ಎಲ್ಲೂ ಓದಿಲ್ಲ.”

ನಾಗಮಣಿ ತನ್ನ ಹಸಿರು ಬಳೆಗಳನ್ನು ಮೊಣಕೈ ಕಡೆಗೆ ದೂಡಿದಳು. “ಅಂಗಾ ಅಮ್ಮಣ್ಣಿ,” ಎಂದಳು.

ಗುರುವಾರ, ಶುಕ್ರವಾರ ಇಬ್ಬರೂ ಒಟ್ಟಿಗೆ ಕೂತರು. ಕಿವಿಹರಕಿ ಹೆಣವನ್ನು ಬಿಡಲಿಲ್ಲ. ಒಂದು ಕೈಯಲ್ಲಿ ಅದನ್ನು ಹಿಡಿದು ಮೂರು ಕಾಲಲ್ಲಿ ನೆಗೆಯುತ್ತಿತ್ತು, ನೊಣ ಓಡಿಸುತ್ತಿತ್ತು. ಹೊಸ ಗಂಡು ಉಳಿದ ಮರಿಗಳ ತಾಯಂದಿರನ್ನು ಮರದಿಂದ ಮರಕ್ಕೆ ಅಟ್ಟುತ್ತಿತ್ತು.

“ಯಾಕಮ್ಮಣ್ಣಿ ಮರೀನ ಸಾಯ್ಸಬೇಕು ಅದು? ತಿನ್ನಾದಿಲ್ಲ, ಯಾನಿಲ್ಲ,” ಎಂದು ನಾಗಮಣಿ ಕೇಳಿದಳು.

“ಮರಿ ಹಾಲು ಕುಡೀತಿರೋಗಂಟ ತಾಯಿ ಮತ್ತೆ ಬೆದೆಗೆ ಬರಾದಿಲ್ಲ. ಹೊಸ ಗಂಡೂ ಎಷ್ಟು ದಿನ ಇದ್ದಾತು? ಎರಡೋ ಮೂರೋ ವರ್ಷ. ಆಮೇಲೆ ಇನ್ನೊಂದು ಬಂದು ಇದನ್ನ ಓಡುಸ್ತದೆ. ಅಷ್ಟರಲ್ಲಿ ತನ್ನ ಮರಿ ಹುಟ್ಟಿ ಬೆಳೀಬೇಕಲ್ಲ.”

“ಅಷ್ಟೆಲ್ಲ ಯೋಚ್ನೆ ಮಾಡಿ ಮಾಡ್ತದಾ?”

“ಇಲ್ಲ ಕಣಕ್ಕ. ಯೋಚನೆ ನಮ್ಮದು. ಹಿಂಗೆ ಮಾಡಿದ ಗಂಡುಗಳ ಸಂತಾನ ಹೆಚ್ಚು ಉಳಕಂಡಿದೆ, ಆ ಗುಣ ಹಂಗೇ ಇಳಕೊಂಡು ಬಂದಿದೆ. ಅದಕ್ಕೇನೂ ತಿಳೀದು.”

ಮಾತು ನಿಲ್ಲಿಸಿ ಲೋಕೇಶ್ವರಿ ಬೈನಾಕುಲರಿನಲ್ಲಿ ಹೆಣವನ್ನೇ ಬಹಳ ಹೊತ್ತು ನೋಡಿದಳು. “ಒಂದು ಮಾತ್ರ ಹೊಂದ್ತಾ ಇಲ್ಲ. ಬುಧವಾರ ಬೆಳಿಗ್ಗೇನೇ ನೊಣ ಮುತ್ತಿದ್ವು ಅಂತ ಬರ್ದಿದ್ದೀಯ. ಮುಂಜಾನೆ ಸತ್ತಿದ್ರೆ ಆ ಚಳೀಲಿ ಅಷ್ಟು ಬೇಗ ಹೆಂಗೆ?” ಎಂದು ತನ್ನನ್ನೇ ಕೇಳಿಕೊಂಡಳು. ಆಮೇಲೆ ತಾನೇ ಉತ್ತರವನ್ನೂ ಹುಡುಕಿದಳು. “ಮೊದಲೇ ಕಾಯಿಲೆ ಇತ್ತೋ ಏನೋ.” ಅದನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.

ಆ ರಾತ್ರಿ ನಾಗಮಣಿ ಅನ್ನದ ತಟ್ಟೆಯನ್ನು ಬದಿಗಿಟ್ಟಳು. ಪಾತ್ರೆ ತೊಳೆದದ್ದನ್ನೇ ಮತ್ತೆ ತೊಳೆದಳು. ರಸ್ತೆ ಕೆಲಸದಿಂದ ದಣಿದು ಬಂದಿದ್ದ ಗಂಡ ಮುರುಗೇಶ ಗೋಡೆಗೊರಗಿ ನೋಡುತ್ತಿದ್ದ.

“ಯಾಕಮ್ಮಿ ಇಂಗೆ ಒಳಗೂ ಒರಗೂ ತಿರುಗ್ತಿದ್ದೀಯ? ಕೂತ್ಕೊ ಅತ್ಲಾಗಿ.”

ಅವಳು ಹೇಳಿದಳು. ಮುರುಗೇಶ ಕೇಳಿ ನಕ್ಕುಬಿಟ್ಟ. “ಕೋತಿ ಮುಸ್ವ ಸತ್ತದ್ದು ಮಂಗಳವಾರ ಆದ್ರೇನು, ಬುಧವಾರ ಆದ್ರೇನು? ಅದು ಬಂದು ಸಾಕ್ಷಿ ಏಳ್ತದಾ? ಬಾಯ್ಬುಟ್ರೆ ಕೆಲ್ಸ ಓಯ್ತದೆ, ತಿಳ್ಕೊ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಆದರೂ ಮೈ ಒಂದು ಕಡೆ ನಿಲ್ಲಲಿಲ್ಲ. ತನ್ನ ಒಂದು ಸುಳ್ಳಿಗೆ ಅಮ್ಮಣ್ಣಿ ಇಲ್ಲದ ಕಾಯಿಲೆಯನ್ನು ಹುಟ್ಟಿಸಿದಳು. ನಾಳೆ ಇನ್ನೇನನ್ನು ಹುಟ್ಟಿಸುತ್ತಾಳೋ!

ಶನಿವಾರ ಬೆಳಿಗ್ಗೆ ಲೋಕೇಶ್ವರಿ ಬಂಡೆಯ ಮೇಲೆ ಕೂತು, ಸೋಮವಾರ ಕೊಯಮತ್ತೂರಿನ ಗುರುಗಳಿಗೆ ಇದನ್ನೆಲ್ಲ ಬರೆದು ಕಳಿಸುತ್ತೇನೆ ಎಂದಳು. ಗಡಿಯಾರ ಕೂಗಿತು. ಲೋಕೇಶ್ವರಿ ಬರೆಯಲು ಬಗ್ಗಿದಳು. ನಾಗಮಣಿ ಬಗ್ಗಲಿಲ್ಲ.

“ಅಮ್ಮಣ್ಣಿ, ಮಂಗಳವಾರ ನಾ ಇಲ್ಲಿರಲಿಲ್ಲ.”

“ಯಾನಂದೆ?”

“ಒಂಬತ್ತು ನಲವತ್ತಕ್ಕೆ ಬಸ್ ಅತ್ಕಂಡು ಸತ್ತಿ ಪೇಟೆಗ ಒಂಟೋದೆ. ಆಮೇಲಿಂದೆಲ್ಲ ಮನೇಲಿ ಕುಂತು ಬರ್ದದ್ದು.”

ಲೋಕೇಶ್ವರಿಯ ಪೆನ್ನು ಹಾಳೆಯ ಮೇಲೇ ನಿಂತಿತು. “ಯಾಕೋದೆ? ಯಾರಿಗೇನಾಗಿತ್ತು?”

“ಯಾರ್ಗೂ ಯಾನೂ ಆಗಿರಲಿಲ್ಲ. ಕೂರಕ್ಕಾಗಲಿಲ್ಲ, ಎದ್ದೋದೆ.” ನಾಗಮಣಿ ಚಿಕ್ಕಸಿದ್ದ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದಳು. ಸೆರಗಿನಿಂದ ಮುದುರಿದ ಹಾಳೆಯನ್ನು ತೆಗೆದು ಮುಂದಿಟ್ಟಳು.

ಲೋಕೇಶ್ವರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಎರಡು ವರ್ಷದಿಂದ ಇದೊಂದನ್ನ ನೋಡ್ಬೇಕು ಅಂತ ಕಾಯ್ತಿದ್ದೆ ನಾನು,” ಎಂದಳು. ಮುದುರಿದ ಹಾಳೆಯನ್ನು ನೆಟ್ಟಗೆ ಮಾಡಿ ಓದಿ, “ಇಂಥಾ ದಿನ ಎಷ್ಟು ನಾಗಮಣಕ್ಕ?” ಎಂದು ಕೇಳಿದಳು.

“ಅದೊಂದೇ.”

“ಹೆಂಗೆ ನಂಬ್ಲಿ?”

ಲೋಕೇಶ್ವರಿ ಪುಸ್ತಕಗಳನ್ನೆಲ್ಲ ಜೋಡಿಸಿ ಎದೆಗೊತ್ತಿಕೊಂಡು, ಬೈನಾಕುಲರನ್ನೂ ಗಡಿಯಾರವನ್ನೂ ಇಸಿದುಕೊಂಡು, ಮನೆಗೆ ಹೋಗು ಎಂದಳು.

ನಾಗಮಣಿ ಮತ್ತೆ ಹೊಲದ ಕೆಲಸಕ್ಕೆ ಹೋದಳು. ತಾಳವಾಡಿ ಕಡೆಯ ಕೋಸಿನ ತೋಟಗಳಿಗೆ ಹೆಣ್ಣಾಳುಗಳನ್ನು ತುಂಬಿಕೊಂಡು ಹೋಗುವ ಟೆಂಪೋ ಬೆಳಿಗ್ಗೆ ಆರಕ್ಕೇ ಬರುತ್ತಿತ್ತು. ಕೈ ಆಡಿತು, ಬಾಯಿ ಆಡಿತು, ಆದರೆ ಹೊತ್ತು ಹೋಗಲಿಲ್ಲ. ಗಡಿಯಾರವಿಲ್ಲದೆಯೂ ಹತ್ತು ನಿಮಿಷಕ್ಕೊಮ್ಮೆ ತಲೆ ತಾನಾಗಿ ಮೇಲೇಳುತ್ತಿತ್ತು. ಮೇಯುವ ನಾಲ್ಕು ಎಮ್ಮೆಗಳ ಹಿಂದೆ ಒಂದೊಂದು ಬೆಳ್ಳಕ್ಕಿ. ಎಮ್ಮೆ ನಿಂತರೆ ಅವೂ ನಿಲ್ಲುತ್ತವೆ, ಎಮ್ಮೆ ನಡೆದು ಹುಳ ಎದ್ದರೆ ಕೊಕ್ಕು ಹಾಕುತ್ತವೆ. ಎರಡು ಬೆಳ್ಳಕ್ಕಿ ಒಂದೇ ಎಮ್ಮೆಗೆ ಬಂದರೆ ಒಂದು ಇನ್ನೊಂದನ್ನು ಓಡಿಸುತ್ತದೆ. ಯಾವಾಗಲೂ ಅದೇ ಓಡಿಸುತ್ತದೆಯೋ, ಅಥವಾ ಮೊದಲು ಬಂದದ್ದು ಓಡಿಸುತ್ತದೆಯೋ? ಅದನ್ನು ನೋಡುತ್ತ ನಿಂತು ಮೇಸ್ತ್ರಿಯ ಕೈಲಿ ಬೈಸಿಕೊಂಡಳು. ಬರೆದಿಡಲು ಏನೂ ಇಲ್ಲದ ಕೈ ತುರಿಸುತ್ತಿತ್ತು.

ಎರಡು ಭಾನುವಾರ ಅವಳು ತಿರುವಿನವರೆಗೆ ಹೋಗಿ, ಲೋಕೇಶ್ವರಿ ಕಾಣದಂತೆ ನಿಂತು ನೋಡಿ ಬಂದಳು. ಇನ್ನೆರಡು ಮರಿ ಇರಲಿಲ್ಲ. ಕಿವಿಹರಕಿಯ ಕೈ ಖಾಲಿಯಾಗಿತ್ತು. ಹೆಣವನ್ನು ಯಾವಾಗ ಬಿಟ್ಟಿತೋ, ಎಲ್ಲಿ ಬಿಟ್ಟಿತೋ ಎಂದು ಎಷ್ಟು ಯೋಚಿಸಿದರೂ ತಿಳಿಯುವಂತಿರಲಿಲ್ಲ.

ಇಪ್ಪತ್ತೆರಡು ದಿನಕ್ಕೆ ಲೋಕೇಶ್ವರಿ ಅವಳ ಮನೆ ಬಾಗಿಲಿಗೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು. ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದಳು.

“ಒಂದು ಪರೀಕ್ಷೆ ಐತೆ ನಾಗಮಣಕ್ಕ. ಇಬ್ಬರೂ ದೂರದೂರ ಕೂತು ಅವೇ ಮುಸುವಗಳನ್ನ ನೋಡಿ ಬರೀಬೇಕು. ಒಬ್ಬರ ಪುಸ್ತಕ ಇನ್ನೊಬ್ಬರು ನೋಡಾಂಗಿಲ್ಲ. ಆಮೇಲೆ ಎರಡೂ ಹೋಲ್ಸೋದು. ನೂರಕ್ಕೆ ಎಂಬತ್ತೈದು ಒಂದೇ ತರ ಬಂದ್ರೆ ನಿನ್ನ ಕಣ್ಣು ನಂಬಬೋದು ಅಂತ ಲೆಕ್ಕ.”

ಏಳು ದಿನ ಹಾಗೆ ಬರೆದರು. ನಾಗಮಣಿ ನೀರಿಗೂ ಏಳಲಿಲ್ಲ. ಎಂಟನೇ ದಿನ ಲೋಕೇಶ್ವರಿಯ ಕೋಣೆಯಲ್ಲಿ ಎರಡು ಪುಸ್ತಕಗಳನ್ನೂ ನೆಲಕ್ಕೆ ಹರಡಿ, ಸಾಲಿಗೆ ಸಾಲು ಬೆರಳಿಟ್ಟು ನೋಡಿದರು. ನೂರಕ್ಕೆ ತೊಂಬತ್ತೊಂದು. ಬೇರೆ ಬಂದ ಒಂಬತ್ತರಲ್ಲೂ ಲೋಕೇಶ್ವರಿ ‘ಕೂತಿದೆ’ ಎಂದು ಬರೆದ ಎಷ್ಟೋ ಕಡೆ ನಾಗಮಣಿ ‘ಕಾಯುತ್ತಿದೆ’ ಎಂದು ಬರೆದಿದ್ದಳು.

ಲೋಕೇಶ್ವರಿ ಉಸಿರು ಬಿಟ್ಟಳು. “ಸಾಕು. ಇಷ್ಟು ಬಂದ್ರೆ ಹಳೇ ಹಾಳೆಗಳನ್ನೂ ಇಟ್ಕಬೋದು.”

ನಾಗಮಣಿ ಸುಮ್ಮನಿರಬಹುದಿತ್ತು. ಬಾಗಿಲಾಚೆ ನೋಡಿದಳು, ಕಾಲ ಬೆರಳಿನಿಂದ ಚಾಪೆಯ ಎಳೆ ಕಿತ್ತಳು, ಮತ್ತೆ ಪುಸ್ತಕ ನೋಡಿದಳು.

“ಇದು ಕಣ್ಣಿನ ಪರೀಕ್ಸೆ ಆಯ್ತು ಅಮ್ಮಣ್ಣಿ. ನಾ ಅಲ್ಲಿ ಕುಂತಿದ್ದೆ ಅನ್ನಾದ್ಕ ಯಾವ ಪರೀಕ್ಸೆ?”

ಲೋಕೇಶ್ವರಿ ಎರಡು ಪುಸ್ತಕಗಳನ್ನೂ ಮುಚ್ಚಿದಳು. “ಅದಕ್ಕೆ ಪರೀಕ್ಷೆ ಇಲ್ಲ.”

“ಅಂಗಾರೆ?”

“ಅಂಗಾರೆ ಲೆಕ್ಕದಿಂದ ತೆಗೀಬೇಕು.” ಅವಳು ಎದ್ದು ಕಪಾಟಿನಿಂದ ಪುಸ್ತಕಗಳನ್ನು ಇಳಿಸಿದಳು. ತಾನಿಲ್ಲದಾಗ ನಾಗಮಣಿ ಒಬ್ಬಳೇ ಬರೆದ ಅರವತ್ತೆಂಟು ದಿನಗಳ ಹಾಳೆಗಳನ್ನು ಇಬ್ಬರೂ ಕೂತು ಒಂದೊಂದಾಗಿ ಬೇರೆ ಮಾಡಿ ದಾರ ಕಟ್ಟಿದರು. ನಾಗಮಣಿ ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ಬರೆದ ಹಾಳೆಗಳೂ, ಜ್ವರದಲ್ಲಿ ನಡುಗುತ್ತ ಬರೆದ ಹಾಳೆಗಳೂ ಅದರಲ್ಲಿದ್ದವು. ಅವೆಲ್ಲ ನಿಜವೆಂದು ಅವಳೊಬ್ಬಳಿಗೇ ಗೊತ್ತಿತ್ತು. ಮಂಗಳವಾರದ್ದು ಬಂದಾಗ ಲೋಕೇಶ್ವರಿ ಅದರ ಮೇಲೆ ಅಡ್ಡಗೆರೆ ಎಳೆದು, ‘ಈ ದಿನ ನೋಡಿದವರಿಲ್ಲ. ರಸ್ತೆಬದಿಯ ಚಿಕ್ಕಸಿದ್ದ ಎಂಬವರು ಜಗಳ ಕಂಡದ್ದಾಗಿ ಹೇಳಿದ್ದಾರೆ’ ಎಂದು ಬರೆದಳು.

“ಇನ್ನೊಂದು ಮಳೆಗಾಲ ನಾ ಇಲ್ಲೇ ಇರಬೇಕಾಯ್ತದೆ,” ಎಂದಳು. “ಅಪ್ಪಾರು ಬೈತಾರೆ. ಬೈಲಿ. ಇನ್ಮೇಲೆ ನಾ ಇಲ್ದಾಗ ನೀನೂ ರಜೆ. ನಾ ಇದ್ದಾಗ ಮಾತ್ರ ಕೆಲಸ.”

“ಬಾ ಅಂತೀರಾ ಅಂಗಾರೆ?”

“ಸೋಮವಾರ ಎಂಟಕ್ಕೆ.” ಲೋಕೇಶ್ವರಿಯ ದನಿಯಲ್ಲಿ ಹಿಂದಿನ ಸಲಿಗೆ ಪೂರಾ ಬಂದಿರಲಿಲ್ಲ. ನಾಗಮಣಿ ಅದನ್ನು ಗಮನಿಸಿದಳು, ಬೇಸರಪಡಲಿಲ್ಲ.

ಸೋಮವಾರ ಬಸರಿ ಮರ ಬರಿದಾಗಿತ್ತು. ಅತ್ತಿಯಲ್ಲೂ ಇರಲಿಲ್ಲ. ಹೊಸ ಗಂಡು ಹಿಂಡನ್ನು ಯಾವ ಕಡೆಗೆ ಎಳೆದುಕೊಂಡು ಹೋಗಿದೆಯೋ ತಿಳಿಯದು. ಇಬ್ಬರೂ ರಸ್ತೆ ಹಿಡಿದು ನಡೆದರು, ನಾಗಮಣಿ ಮುಂದೆ, ಲೋಕೇಶ್ವರಿ ಹಿಂದೆ. ಒಂದು ಗಂಟೆಯಾಯಿತು, ಎರಡಾಯಿತು. ಗಡಿಯಾರ ಕೂಗುತ್ತಲೇ ಇತ್ತು. ಒಂದೊಂದು ಸಲ ಕೂಗಿದಾಗಲೂ ಲೋಕೇಶ್ವರಿ ‘ಕಾಣಲಿಲ್ಲ’ ಎಂದು ಬರೆದಳು. ಬಿದಿರು ಮೆಳೆಯ ಹತ್ತಿರ ಆನೆಯ ಹಸಿ ಲದ್ದಿ ಕಂಡು ಇಬ್ಬರೂ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟರು.

“ವಾಪಸ್ ಓಗಾನಾ?” ಎಂದಳು ಲೋಕೇಶ್ವರಿ.

“ಇನ್ನೊಂದ್ ತಿರುವು ಅಮ್ಮಣ್ಣಿ.”

ಆ ತಿರುವಿನ ಕೆಳಗೆ ನೇರಳೆ ಮರದ ತುದಿ ಅಲುಗಿತು. ನಾಗಮಣಿ ಕೈ ಹಿಂದಕ್ಕೆ ಚಾಚಿದಳು. ಲೋಕೇಶ್ವರಿ ಕೊರಳಿನ ಬೈನಾಕುಲರನ್ನು ತೆಗೆದು ಆ ಕೈಗಿಟ್ಟಳು.